ಬಸುರಿಯ ಪಾಠಕ್ಕೆ ಅಮ್ಮನೂ ಬರಲಿ

ಒಂದು ಬಲೂನು, ಒಂದು ಟೇಬಲ್ ಟೆನಿಸ್ ಚೆಂಡು. ಹೆರಿಗೆ ಪೂರ್ವ ತರಗತಿ ನಡೆಸುವವರ ಚೀಲದಲ್ಲಿ ಇವೆರಡು ಸಾಮಾನ್ಯವಾಗಿ ಇರುತ್ತವೆ. ಚೆಂಡನ್ನು ಬಲೂನಿನೊಳಕ್ಕೆ ತೂರಿಸಿ, ಗಾಳಿ ಊದಿ, ತಲೆಕೆಳಗಾಗಿ ಹಿಡಿದರೆ ಚೆಂಡು ಕತ್ತಿಗೆ ಬಂದು ಬಿರಡೆಯಂತೆ ಕೂರುತ್ತದೆ. ಬಲೂನಿನ ಮಗ್ಗುಲನ್ನು ಎಷ್ಟು ಹಿಂಡಿದರೂ ಕತ್ತು ಹಾಗೇ ಇರುತ್ತದೆ. ಮೇಲ್ಭಾಗವನ್ನು ಹಿಂಡುವುದು, ಬಿಡುವುದು, ಮತ್ತೆ ಹಿಂಡುವುದು ಶುರುವಾದಾಗ ಮಾತ್ರ ಕತ್ತು ಮೊದಲು ಗಿಡ್ಡವಾಗುತ್ತದೆ, ಆಮೇಲೆ ತೆಳುವಾಗುತ್ತದೆ, ಕೊನೆಗೆ ಬಾಯಿ ಅಗಲಿಸಿ ಚೆಂಡನ್ನು ಹೊರಗೆ ಬಿಡುತ್ತದೆ.

ಎರಡು ನಿಮಿಷದ ಈ ಆಟದಲ್ಲಿ ಮೂರು ಪಾಠಗಳಿವೆ. ಎಂಟನೇ ತಿಂಗಳಲ್ಲಿ ಹೊಟ್ಟೆ ಆಗಾಗ ಬಿಗಿಯಾಗುವುದಕ್ಕೂ ನಿಜವಾದ ಹೆರಿಗೆ ನೋವಿಗೂ ಇರುವ ವ್ಯತ್ಯಾಸ ಒಂದು. ಗರ್ಭಕೋಶದ ಬಾಯಿ ತೆರೆಯುವ ಮುಂಚೆ ತೆಳುವಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಇನ್ನೊಂದು. ನೋವು ಬರುವುದರಷ್ಟೇ ಅದು ಬಿಡುವುದೂ ಕೆಲಸದ ಭಾಗ ಎಂಬುದು ಮೂರನೆಯದು. ಅಕ್ಷರ ಬಾರದವರಿಗೂ ಇದು ಅರ್ಥವಾಗುತ್ತದೆ.

ಬೆಂಗಳೂರು, ಹೈದರಾಬಾದ್, ಮುಂಬೈಯಂಥ ನಗರಗಳಲ್ಲಿ ಇಂಥ ತರಗತಿಗಳು ಈಗ ಹೊಸತಲ್ಲ. ದೊಡ್ಡ ಆಸ್ಪತ್ರೆಗಳು ತಾವೇ ನಡೆಸುತ್ತವೆ, ತರಬೇತಿ ಪಡೆದ ಶಿಕ್ಷಕಿಯರು ಮನೆಯಲ್ಲೋ ಆನ್‌ಲೈನ್‌ನಲ್ಲೋ ಹೇಳಿಕೊಡುತ್ತಾರೆ. ಚಾಪೆಯ ಮೇಲೆ ಕೂತಿರುವವರು ಹೆಚ್ಚಾಗಿ ಗಂಡ, ಹೆಂಡತಿ. ಬೆನ್ನು ಹೇಗೆ ಒತ್ತಬೇಕು, ನೋವಿನ ನಡುವಿನ ಅಂತರವನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಗಂಡ ಶ್ರದ್ಧೆಯಿಂದ ಕಲಿಯುತ್ತಾನೆ.

ಆದರೆ ಚೊಚ್ಚಲ ಬಸುರಿ ಸೀಮಂತ ಮುಗಿಸಿ ಹಾಸನಕ್ಕೋ ಹಾವೇರಿಗೋ ತವರಿಗೆ ಹೊರಡುತ್ತಾಳೆ. ನೋವು ಬಂದ ರಾತ್ರಿ ಅವಳ ಪಕ್ಕದಲ್ಲಿರುವವಳು ಅಮ್ಮ, ಇಲ್ಲವೇ ಅಕ್ಕ, ಚಿಕ್ಕಮ್ಮ, ಅತ್ತಿಗೆ. ಪಾಠ ಕಲಿತ ಗಂಡ ಬಸ್ಸಿನಲ್ಲಿರುತ್ತಾನೆ. ಬಸ್ಸು ಇಳಿದು ಸರ್ಕಾರಿ ಆಸ್ಪತ್ರೆಗೆ ಓಡಿ ಬಂದರೂ ಹೆರಿಗೆ ಕೋಣೆಯ ಬಾಗಿಲು ಅವನಿಗೆ ತೆರೆಯುವುದು ಅಪರೂಪ. ಹೆರಿಗೆಯ ಹೊತ್ತಿನಲ್ಲಿ ಸಂಗಾತಿಯೊಬ್ಬರಿಗೆ ಒಳಗಿರಲು ಅವಕಾಶ ಕೊಟ್ಟು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಆ ಸಂಗಾತಿ ಯಾರಾಗಿರಬೇಕೆಂದೂ ಹೇಳಿದೆ: ಹೆರಿಗೆಯ ಅನುಭವವಿರುವ ಹೆಂಗಸು. ಇತರ ಹೆಂಗಸರ ಮರ್ಯಾದೆಗೆ, ಖಾಸಗಿತನಕ್ಕೆ ಸರಿಯಾದ ಏರ್ಪಾಡು ಇರುವ ಕಡೆ ಮಾತ್ರ ಗಂಡನಿಗೂ ಅವಕಾಶ.

ಪಾಠ ಒಬ್ಬರಿಗೆ, ಪರೀಕ್ಷೆ ಇನ್ನೊಬ್ಬರಿಗೆ. ಹೆರಿಗೆ ತರಗತಿಗಳ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಕೂಡಿರುವ ಪುರಾವೆಯನ್ನು ಜೋಡಿಸಿ ನೋಡಿದರೆ, ಏನು ಕಲಿಸುತ್ತೇವೆ ಎಂಬುದರಷ್ಟೇ ಯಾರಿಗೆ ಕಲಿಸುತ್ತೇವೆ ಎಂಬುದೂ ಮುಖ್ಯ ಎಂದು ಗೊತ್ತಾಗುತ್ತದೆ.

ಲೆನಿನ್‌ಗ್ರಾಡಿನಿಂದ ಪ್ಯಾರಿಸ್, ಪ್ಯಾರಿಸ್ಸಿನಿಂದ ನ್ಯೂಯಾರ್ಕ್

ಗಂಡನನ್ನು ತರಗತಿಗೆ ಕರೆತಂದ ಪದ್ಧತಿ ಹುಟ್ಟಿದ್ದು ಪಶ್ಚಿಮದಲ್ಲಿ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸರಿಯಿತು. ಮಾರ್ಫಿನ್ ಜೊತೆ ಸ್ಕೋಪೋಲಮಿನ್ ಚುಚ್ಚಿ ನೋವಿನ ನೆನಪನ್ನೇ ಅಳಿಸುವ ವಿಧಾನ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹೆಸರು ಮಾಡಿ ಅಮೆರಿಕಕ್ಕೂ ಹಬ್ಬಿತು. ಹೆಂಗಸರು ಹೆರುತ್ತಿದ್ದರು, ಹೆತ್ತದ್ದು ಅವರಿಗೆ ನೆನಪಿರುತ್ತಿರಲಿಲ್ಲ.

ಇದಕ್ಕೆ ಬ್ರಿಟನ್ನಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಪುಸ್ತಕ ಬರೆದು ಎದುರಾದ. ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಿಂದ ನೋವು ಹೆಚ್ಚುತ್ತದೆ, ಹೆಚ್ಚಿದ ನೋವಿನಿಂದ ಭಯ ಇಮ್ಮಡಿಯಾಗುತ್ತದೆ ಎಂಬುದು ಅವನ ವಾದ. ಆದ್ದರಿಂದ ಹೆರಿಗೆ ಹೇಗೆ ನಡೆಯುತ್ತದೆಂದು ಬಸುರಿಗೆ ಮೊದಲೇ ತಿಳಿಸಬೇಕು ಎಂದ. ‘ಅನಾಗರಿಕ’ ಹೆಂಗಸರಿಗೆ ನೋವೇ ಆಗುವುದಿಲ್ಲ ಎಂಬ ಅಂದಿನ ಜನಾಂಗೀಯ ನಂಬಿಕೆಯೂ ಅವನ ಬರಹದಲ್ಲಿತ್ತು. ಆ ಭಾಗ ಕಾಲದೊಂದಿಗೆ ಉದುರಿತು, ಭಯದ ವಿಚಾರ ಉಳಿಯಿತು.

ಸೋವಿಯತ್ ಒಕ್ಕೂಟದ ವೈದ್ಯರು ಅದೇ ಹೊತ್ತಿಗೆ ಪಾವ್ಲೋವನ ಸಿದ್ಧಾಂತವನ್ನು ಹೆರಿಗೆಗೆ ಹೊಂದಿಸುತ್ತಿದ್ದರು. ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸುವುದನ್ನು ಕಲಿಯುವುದಾದರೆ, ನೋವಿನ ಅಲೆ ಬಂದ ಕೂಡಲೇ ನಿಗದಿತ ಉಸಿರಾಟಕ್ಕೆ ತೊಡಗುವುದನ್ನು ಹೆಂಗಸೂ ಕಲಿಯಬಹುದು ಎಂಬುದು ಅವರ ಲೆಕ್ಕ. ಪ್ಯಾರಿಸ್ಸಿನ ವೈದ್ಯ ಫರ್ನಾಂಡ್ ಲಮಾಜ್ 1951ರಲ್ಲಿ ಲೆನಿನ್‌ಗ್ರಾಡಿಗೆ ಹೋಗಿ ಇದನ್ನು ಕಂಡ. ಮರಳಿ ಬಂದು, ಲೋಹ ಕಾರ್ಮಿಕರ ಸಂಘ ನಡೆಸುತ್ತಿದ್ದ ಲೆ ಬ್ಲುಯೆ ಹೆರಿಗೆ ಆಸ್ಪತ್ರೆಯಲ್ಲಿ ಕಲಿಸತೊಡಗಿದ. ಕಮ್ಯುನಿಸ್ಟ್ ದೇಶದಿಂದ ಬಂದ ವಿದ್ಯೆ ಎಂಬ ಅನುಮಾನ ಇದ್ದರೂ 1956ರಲ್ಲಿ ಪೋಪ್ 12ನೇ ಪಯಸ್ ಇದರಲ್ಲಿ ಧರ್ಮಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದರು.

ಪ್ಯಾರಿಸ್ಸಿನಲ್ಲಿ ಹೆತ್ತ ಅಮೆರಿಕನ್ ಮಹಿಳೆ ಮಾರ್ಜರಿ ಕಾರ್ಮೆಲ್ ತನ್ನ ಅನುಭವವನ್ನು 1959ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಮರುವರ್ಷವೇ ಆಕೆ, ನ್ಯೂಯಾರ್ಕಿನ ಫಿಸಿಯೋಥೆರಪಿಸ್ಟ್ ಎಲಿಜಬೆತ್ ಬಿಂಗ್ ಮತ್ತಿತರರು ಸೇರಿ ಸಂಘ ಕಟ್ಟಿದರು. ಇಂದು ಲಮಾಜ್ ಹೆಸರಿನಲ್ಲಿ ಜಗತ್ತಿನ ಹಲವೆಡೆ ಶಿಕ್ಷಕಿಯರನ್ನು ತಯಾರು ಮಾಡುವುದು ಅದೇ ಸಂಸ್ಥೆ. ಹೆರಿಗೆ ಕೋಣೆಯ ಹೊರಗೆ ಸಿಗರೇಟು ಸುಡುತ್ತ ನಿಲ್ಲುತ್ತಿದ್ದ ಗಂಡ ಆ ಚಳವಳಿಯ ಬಲದಿಂದ ಒಳಗೆ ಬಂದ. ಅಮೆರಿಕದ ಕುಟುಂಬದಲ್ಲಿ ಬಸುರಿಯ ಹತ್ತಿರ ಇದ್ದವನು ಅವನೇ ಆದ್ದರಿಂದ ಅಲ್ಲಿಗೆ ಅದು ಸರಿಹೊಂದಿತು.

ಪರೀಕ್ಷೆಗೆ ಕೂತ ಪಾಠ

ತರಗತಿಗೆ ಹೋದವರಿಗೆ ನಿಜಕ್ಕೂ ಏನಾದರೂ ಲಾಭವಾಗುತ್ತದೆಯೇ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗುವ ಕೊಕ್ರೇನ್ ಸಂಸ್ಥೆಯ 2007ರ ಸಮೀಕ್ಷೆ ಕೊಟ್ಟ ಉತ್ತರ ಶಿಕ್ಷಕಿಯರಿಗೆ ಸಿಹಿಯಾಗಿರಲಿಲ್ಲ. 9 ಪ್ರಯೋಗಗಳು, 2,284 ಹೆಂಗಸರು. ಅಷ್ಟನ್ನೂ ನೋಡಿ, ಸಾಮಾನ್ಯ ತರಗತಿಗಳ ಪರಿಣಾಮ ಬಹುಮಟ್ಟಿಗೆ ಅಸ್ಪಷ್ಟ ಎಂದಿತು.

ಎರಡು ವರ್ಷದ ನಂತರ ಸ್ವೀಡನ್ನಿನಿಂದ ಇನ್ನೊಂದು ಪೆಟ್ಟು ಬಿತ್ತು. ಮೊದಲ ಬಾರಿ ತಾಯಿಯಾಗಲಿರುವ 1,087 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಉಸಿರಾಟ ಮತ್ತು ಮೈ ಸಡಿಲಿಸುವ ವಿಧಾನಗಳನ್ನು, ಇನ್ನೊಂದಕ್ಕೆ ಮಾಮೂಲಿ ಪಾಠವನ್ನು ಕೊಟ್ಟರು. ನೋವು ತಗ್ಗಿಸುವ ಎಪಿಡ್ಯೂರಲ್ ಚುಚ್ಚುಮದ್ದು ತೆಗೆದುಕೊಂಡವರು ಎರಡರಲ್ಲೂ ಶೇ 52. ಹೆರಿಗೆಯ ಅನುಭವ ಹೇಗಿತ್ತು ಎಂಬ ಪ್ರಶ್ನೆಗೂ ಉತ್ತರದಲ್ಲಿ ಅಂತರವಿರಲಿಲ್ಲ. ಉಸಿರಾಟದ ಪಾಠವೊಂದೇ ಎಲ್ಲವನ್ನೂ ಬದಲಿಸುತ್ತದೆ ಎಂದು ನಂಬಿದ್ದವರು ತಲೆ ಕೆರೆದುಕೊಳ್ಳಬೇಕಾಯಿತು.

2016ರಲ್ಲಿ ಸಿಡ್ನಿಯ ಎರಡು ಆಸ್ಪತ್ರೆಗಳಿಂದ ಬಂದ ಫಲಿತಾಂಶ ಪೂರ್ತಿ ಬೇರೆ. ಚೊಚ್ಚಲ ಬಸುರಿಯರು 176 ಮಂದಿ, ಎರಡು ದಿನದ ತರಗತಿ. ಅಕ್ಯುಪ್ರೆಶರ್, ಉಸಿರಾಟ, ಮಸಾಜ್, ಯೋಗ, ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವುದು. ಇವುಗಳ ಜೊತೆಗೆ ಸಂಗಾತಿ ಏನು ಮಾಡಬೇಕೆಂಬ ತಾಲೀಮು. ತರಗತಿಗೆ ಬಂದವರಲ್ಲಿ ಎಪಿಡ್ಯೂರಲ್ ಪಡೆದವರು ಶೇ 23.9, ಬಾರದವರಲ್ಲಿ ಶೇ 68.7. ಸಿಸೇರಿಯನ್ ಶೇ 18.2 ಮತ್ತು ಶೇ 32.5. ಸ್ವೀಡನ್ನಿನ ಅಧ್ಯಯನದ ಮುಂದೆ ಇದು ಚಿಕ್ಕದು, ಒಂದೇ ನಗರದ್ದು. ಇದೊಂದನ್ನೇ ನಂಬಿ ಜಯಭೇರಿ ಹೊಡೆಯುವಂತಿಲ್ಲ. ಆದರೂ ಒಂದು ವಿಷಯ ಗಮನ ಸೆಳೆಯುತ್ತದೆ. ಇಲ್ಲಿ ಬಸುರಿಗೆ ಒಂದೇ ವಿದ್ಯೆ ಕಲಿಸಿ ಕಳಿಸಲಿಲ್ಲ. ಆರು ಬಗೆಯ ಉಪಾಯಗಳನ್ನು ಇಬ್ಬರ ಕೈಗೆ ಕೊಟ್ಟು ಅಭ್ಯಾಸ ಮಾಡಿಸಿದರು.

ಅಮೆರಿಕದ ಸಿಯಾಟಲ್‌ನಲ್ಲಿ 1968ರಿಂದ ಹೆರಿಗೆ ಪಾಠ ಹೇಳಿದ, 2024ರಲ್ಲಿ ತೀರಿಕೊಂಡ ಪೆನ್ನಿ ಸಿಮ್ಕಿನ್ ಈ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ನೋಡಿದವರು. ತಮ್ಮ ಹಳೆಯ ವಿದ್ಯಾರ್ಥಿನಿಯರು ಹೆರಿಗೆಯಾದ ಹೊಸತರಲ್ಲಿ ಬರೆದುಕೊಟ್ಟಿದ್ದ ವಿವರಗಳನ್ನು ಅವರು ಜೋಪಾನ ಮಾಡಿದ್ದರು. ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಅವರಲ್ಲಿ 20 ಮಂದಿಯನ್ನು ಮತ್ತೆ ಕೂರಿಸಿ ಕೇಳಿದರು. ನೆನಪು ಹೆಚ್ಚೂಕಡಿಮೆ ಬರೆದದ್ದಕ್ಕೆ ಹೊಂದುತ್ತಿತ್ತು. ತೃಪ್ತಿಯಿಂದ ಮಾತಾಡಿದವರು ನೋವು ಕಡಿಮೆ ಇದ್ದವರಲ್ಲ. ತಮ್ಮನ್ನು ಗೌರವದಿಂದ ನೋಡಿಕೊಂಡರು, ತಮ್ಮ ಮಾತಿಗೆ ಬೆಲೆ ಇತ್ತು ಎನಿಸಿದವರು. ಕೆನಡಾದ ಎಲೆನ್ ಹಾಡ್ನೆಟ್ 2002ರಲ್ಲಿ ನೂರಕ್ಕೂ ಹೆಚ್ಚು ವರದಿಗಳನ್ನು ಸೋಸಿ ಇದನ್ನೇ ಕಂಡರು. ಹೆಂಗಸಿನ ನಿರೀಕ್ಷೆ, ಸಿಕ್ಕ ಆಸರೆ, ಆರೈಕೆ ಮಾಡುವವರೊಡನೆ ಇದ್ದ ಸಂಬಂಧ, ನಿರ್ಧಾರದಲ್ಲಿ ಅವಳ ಪಾಲು. ಈ ನಾಲ್ಕು ಎಷ್ಟು ಪ್ರಬಲವೆಂದರೆ ಅವುಗಳ ಮುಂದೆ ವಯಸ್ಸು, ಓದು, ತರಗತಿಗೆ ಹೋದದ್ದು, ಕೊನೆಗೆ ನೋವು ಕೂಡ ಹಿಂದೆ ಬೀಳುತ್ತವೆ.

ಪಕ್ಕದಲ್ಲಿ ನಿಂತವಳು

ಹೆರಿಗೆಯ ಕುರಿತ ಪುರಾವೆಗಳಲ್ಲಿ ಗಟ್ಟಿಯಾದದ್ದನ್ನು ಹುಡುಕಿದರೆ ಸಿಗುವುದು ತೀರಾ ಹಳೆಯ ಸಂಗತಿ: ನೋವು ಶುರುವಾದಾಗಿನಿಂದ ಮಗು ಹುಟ್ಟುವವರೆಗೆ ಒಬ್ಬರು ಬಿಡದೆ ಜೊತೆಗಿರುವುದು. 2017ರ ಕೊಕ್ರೇನ್ ಸಮೀಕ್ಷೆಯಲ್ಲಿ 17 ದೇಶಗಳ 26 ಪ್ರಯೋಗಗಳಿದ್ದವು, 15,000ಕ್ಕೂ ಹೆಚ್ಚು ಹೆಂಗಸರಿದ್ದರು. ನಿರಂತರ ಆಸರೆ ಸಿಕ್ಕವರಲ್ಲಿ ಸಿಸೇರಿಯನ್ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆ. ನೋವಿನ ಅವಧಿ ಸರಾಸರಿ 40 ನಿಮಿಷದಷ್ಟು ಮೊಟಕು. ನೋವಿನ ಔಷಧಿ ಕಡಿಮೆ, ಹೆರಿಗೆಯ ಬಗ್ಗೆ ಕಹಿಯೂ ಕಡಿಮೆ.

ಕನ್ನಡ ನಾಡಿನಲ್ಲಿ ಈ ಕೆಲಸ ಮಾಡುತ್ತಿದ್ದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕೂಲಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥವರು ಬಸುರಿಯ ಮನೆಗೆ ಬಂದರೆ ಮಗು ಹುಟ್ಟುವವರೆಗೆ ಅಲ್ಲೇ ಇರುತ್ತಿದ್ದರು. ಇಂದು ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ರಕ್ತಸ್ರಾವಕ್ಕೆ ಮದ್ದು, ಏರಿದ ರಕ್ತದೊತ್ತಡಕ್ಕೆ ಚುಚ್ಚುಮದ್ದು, ಬೇಕಾದಾಗ ಆಪರೇಷನ್. ಈ ಬದಲಾವಣೆ ಉಳಿಸಿದ ಜೀವಗಳು ಕಡಿಮೆಯಲ್ಲ. ಕಳೆದುಹೋದದ್ದು ಆ ಜೊತೆ. ಒಬ್ಬ ನರ್ಸ್ ಮೂರು ನಾಲ್ಕು ಹಾಸಿಗೆಗಳ ನಡುವೆ ಓಡಾಡುವ ವಾರ್ಡಿನಲ್ಲಿ ಯಾರೊಬ್ಬರ ಕೈ ಹಿಡಿದು ಕೂರಲು ಅವಳಿಗೆ ಪುರುಸೊತ್ತಿಲ್ಲ.

2016ರ ಮಾರ್ಗಸೂಚಿ ಆ ಖಾಲಿ ಜಾಗಕ್ಕೆ ಮನೆಯ ಹೆಂಗಸನ್ನು ಕರೆಯುತ್ತದೆ. ಅದರ ಷರತ್ತುಗಳು ಸರಳ: ಸೋಂಕು ರೋಗ ಇರಬಾರದು, ಶುಭ್ರ ಬಟ್ಟೆ ಇರಬೇಕು, ಕೊನೆತನಕ ಇರಲು ಸಿದ್ಧಳಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಬೇರೆ ಬಾಣಂತಿಯರ ಉಸಾಬರಿಗೆ ಹೋಗಬಾರದು. ಒಳಗೆ ಹೋದ ಮೇಲೆ ಅವಳು ಏನು ಮಾಡಬೇಕೆಂದು ಯಾರು ಹೇಳಿಕೊಡಬೇಕು? ಇಪ್ಪತ್ತೈದು ವರ್ಷದ ಹಿಂದೆ ತಾನು ಹೆತ್ತಾಗ ಬೈಸಿಕೊಂಡ, ಒಂಟಿಯಾಗಿ ಮಲಗಿದ್ದ ನೆನಪೊಂದೇ ಅವಳ ತರಬೇತಿಯಾಗಿದ್ದರೆ, ಮಗಳಿಗೆ ದಾಟುವುದು ಅದೇ ಹೆದರಿಕೆ. ಇಂಥ ನೆನಪು ಮಾಸುವುದಿಲ್ಲ ಎಂದು ಸಿಮ್ಕಿನ್ ತೋರಿಸಿದ್ದು ಈ ಕಾರಣಕ್ಕೆ ನಮ್ಮ ತರಗತಿಗಳಿಗೂ ಮುಖ್ಯ. ಅಮ್ಮನನ್ನು ಚಾಪೆಯ ಮೇಲೆ ಕೂರಿಸಿ, “ನೀವು ಹೆತ್ತಾಗ ನಿಮ್ಮ ಪಕ್ಕ ಯಾರಿದ್ದರಮ್ಮಾ? ಆಗ ಏನು ಸಿಕ್ಕಿದ್ದರೆ ಚೆನ್ನಾಗಿತ್ತು?” ಎಂದು ಕೇಳಿದರೆ ಅರ್ಧ ಪಾಠ ಅವಳ ಬಾಯಲ್ಲೇ ಬರುತ್ತದೆ.

ಚಕ್ರಧರಪುರದ ಆಟಗಳು

ಓದು ಬಾರದ ಹೆಂಗಸರ ಗುಂಪಿಗೆ, ಅದೂ ಅತ್ತೆ ಸೊಸೆಯರನ್ನು ಒಟ್ಟಿಗೆ ಕೂರಿಸಿ, ಹೆರಿಗೆಯ ವಿಚಾರ ಕಲಿಸಲು ಸಾಧ್ಯವೇ ಎಂಬ ಅನುಮಾನಕ್ಕೆ ಜಾರ್ಖಂಡ್ ಉತ್ತರ ಕೊಟ್ಟು ಬಹಳ ಕಾಲವಾಗಿದೆ. ಪಶ್ಚಿಮ ಸಿಂಗಭೂಮ್ ಜಿಲ್ಲೆಯ ಚಕ್ರಧರಪುರದಲ್ಲಿ ವೈದ್ಯೆ ನಿರ್ಮಲಾ ನಾಯರ್ ಮತ್ತು ಪ್ರಶಾಂತ ತ್ರಿಪಾಠಿ ಕಟ್ಟಿದ ‘ಏಕಜುಟ್’ ಸಂಸ್ಥೆ 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಆದಿವಾಸಿ ಬಹುಳ ಜಿಲ್ಲೆಗಳಲ್ಲಿ ಪ್ರಯೋಗ ನಡೆಸಿತು. ಹಳ್ಳಿಗಳನ್ನು 36 ಗುಚ್ಛ ಮಾಡಿ, ಅರ್ಧದಲ್ಲಿ ಮಹಿಳಾ ಗುಂಪುಗಳ ತಿಂಗಳ ಸಭೆ ನಡೆಸಿದರು. ಒಟ್ಟು 20 ಸಭೆಗಳ ಸರಣಿ. ನಡೆಸುತ್ತಿದ್ದವಳು ಅದೇ ಸೀಮೆಯ ಹೆಂಗಸು, ಡಾಕ್ಟರೂ ಅಲ್ಲ, ನರ್ಸೂ ಅಲ್ಲ.

ಸಭೆಯಲ್ಲಿ ಭಾಷಣವಿಲ್ಲ. ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಹರಡಿ, ತಮ್ಮೂರಿನಲ್ಲಿ ಹೆಚ್ಚು ಕಾಡುವ ತೊಂದರೆ ಯಾವುದೆಂದು ಹೆಂಗಸರೇ ಆರಿಸುತ್ತಿದ್ದರು. ಆಮೇಲೆ ಒಂದು ಕಥೆ. ಮಗು ಸತ್ತಿತು. ಆದರೆ ಯಾಕೆ? ಚಳಿ ಹಿಡಿದಿತ್ತು. ಆದರೆ ಯಾಕೆ? ಹುಟ್ಟಿದ ಕೂಡಲೇ ಮೀಯಿಸಿದ್ದರು. ಆದರೆ ಯಾಕೆ? ಒಂದೊಂದು ‘ಯಾಕೆ’ಯೂ ದೇಹದಿಂದ ಮನೆಗೆ, ಮನೆಯಿಂದ ಊರಿಗೆ, ಊರಿಂದ ದೂರದ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ಪರಿಹಾರವನ್ನೂ ಗುಂಪೇ ಹುಡುಕುತ್ತಿತ್ತು. ತುರ್ತಿಗೆಂದು ಹಣ ಕೂಡಿಡುವುದು, ಗಾಡಿಗೆ ಮೊದಲೇ ಹೇಳಿಡುವುದು, ಹೆರಿಗೆಗೆ ಬೇಕಾದ ಶುಚಿಯಾದ ಸಾಮಾನು ಹೊಂದಿಸುವುದು.

2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಸಭೆ ನಡೆದ ಕಡೆ ಮೂರು ವರ್ಷದಲ್ಲಿ ನವಜಾತ ಶಿಶುಗಳ ಸಾವು ಶೇ 32ರಷ್ಟು ಕಡಿಮೆ. ಕೊನೆಯ ಎರಡು ವರ್ಷ ಮಾತ್ರ ತೆಗೆದುಕೊಂಡರೆ ಶೇ 45. ಮೂರನೇ ವರ್ಷದಲ್ಲಿ ತಾಯಂದಿರ ಖಿನ್ನತೆಯೂ ಇಳಿದಿತ್ತು. ಇದಕ್ಕೂ ಮೊದಲು ನೇಪಾಳದ ಮಕ್ವಾನ್‌ಪುರದಲ್ಲಿ ಇದೇ ಬಗೆಯ ಪ್ರಯೋಗ ನವಜಾತ ಶಿಶು ಮರಣವನ್ನು ಶೇ 30ರಷ್ಟು ತಗ್ಗಿಸಿತ್ತು. 2013ರಲ್ಲಿ ಏಳು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಒಂದು ಷರತ್ತು ಎದ್ದು ಕಂಡಿತು: ಗರ್ಭಿಣಿಯರಲ್ಲಿ ಕನಿಷ್ಠ ಶೇ 30ರಷ್ಟು ಮಂದಿ ಸಭೆಗೆ ಬಂದ ಕಡೆ ಲಾಭ ದೊಡ್ಡದು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಂಪುಗಳನ್ನು ಶಿಫಾರಸು ಮಾಡಿತು.

ಸಭೆಗೆ ಬಸುರಿಯರಷ್ಟೇ ಬರುತ್ತಿರಲಿಲ್ಲ. ಗಾಡಿ ಕರೆಸಬೇಕೋ ಬೆಳಗಿನವರೆಗೆ ಕಾಯಬೇಕೋ ಎಂದು ಮನೆಯಲ್ಲಿ ತೀರ್ಮಾನಿಸುವ ಹಿರಿಯ ಹೆಂಗಸರೂ ಬರುತ್ತಿದ್ದರು. ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು ತಜ್ಞರು ವಿವರಿಸುತ್ತಾರೆ: ಹೊರಡುವ ನಿರ್ಧಾರಕ್ಕೆ ತಡ, ಆಸ್ಪತ್ರೆ ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆಗೆ ತಡ. ಮೊದಲನೆಯದು ನಡೆಯುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ.

ಮೂರು ರಾಶಿ, ಒಂದು ಮಂಜುಗಡ್ಡೆ

ಒಳ್ಳೆಯ ತರಗತಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಶಿಕ್ಷಕಿಯರ ನಡುವೆ ಬಳಕೆಯಲ್ಲಿರುವ ಕೆಲವು ಉಪಾಯಗಳಿವೆ. ಗುಂಪು ಚಿಕ್ಕದಿರಬೇಕು, ಎಂಟು ಹತ್ತು ಕುಟುಂಬ ಸಾಕು. ಸಾಲು ಕುರ್ಚಿ ಬೇಡ, ದುಂಡಗೆ ಕೂರಬೇಕು. ಆರಂಭದಲ್ಲೇ ಎಲ್ಲರೂ ತಮ್ಮ ದೊಡ್ಡ ಹೆದರಿಕೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದರೆ, ಆ ದಿನದ ಪಾಠ ಯಾವುದೆಂದು ಡಬ್ಬಿಯೇ ಹೇಳುತ್ತದೆ.

ನೋವಿನ ತಾಲೀಮಿಗೆ ಮಂಜುಗಡ್ಡೆ ಬರುತ್ತದೆ. ಅಂಗೈಯಲ್ಲಿ ಒಂದು ತುಂಡು ಹಿಡಿದು ಒಂದು ನಿಮಿಷ ಸುಮ್ಮನೆ ಕೂರಬೇಕು. ಎರಡನೇ ಸುತ್ತಿನಲ್ಲಿ ನಿಧಾನವಾಗಿ ಉಸಿರು ಬಿಡುತ್ತ ಹಿಡಿಯಬೇಕು. ಮೂರನೇ ಸುತ್ತಿನಲ್ಲಿ ಪಕ್ಕದವರು ಭುಜ ಮುಟ್ಟಿ, ಮೆಲ್ಲಗೆ ಮಾತಾಡಿಸಬೇಕು. ತಣ್ಣನೆಯ ಉರಿ ಮೂರು ಸಲವೂ ಅಷ್ಟೇ ಇರುತ್ತದೆ, ಸಹಿಸುವುದು ಮಾತ್ರ ಬೇರೆಬೇರೆ. ಅಮ್ಮಂದಿರೂ ಹಿಡಿಯಬೇಕೆಂಬುದು ಈ ಆಟದ ಕಡ್ಡಾಯ ನಿಯಮವಾಗಬೇಕು. ‘ಸುಮ್ನಿರು, ಕೂಗಬೇಡ’ ಎಂಬ ಮಾತು ಆ ನಿಮಿಷದಲ್ಲಿ ಎಷ್ಟು ಪ್ರಯೋಜನಕ್ಕೆ ಬರುತ್ತದೆಂದು ತಾವೇ ನೋಡಿಕೊಳ್ಳುತ್ತಾರೆ.

ಮುಂದಿನದು ಮೈಯ ಕೆಲಸ. ಗೋಡೆಗೆ ಒರಗಿ ನಿಲ್ಲುವುದು, ಕುರ್ಚಿಯ ಬೆನ್ನಿಗೆ ಬಾಗುವುದು, ಮಂಡಿ ಊರಿ ಕೈ ಚಾಚುವುದು, ಸೊಂಟದ ಕೆಳಗೆ ಅಂಗೈಯಿಂದ ಗಟ್ಟಿಯಾಗಿ ಒತ್ತಿಸಿಕೊಳ್ಳುವುದು. ಮೊದಲ ಹಂತದಲ್ಲಿ ಮಲಗಿಯೇ ಇರದೆ ಎದ್ದು ಓಡಾಡಿದವರಿಗೆ ನೋವಿನ ಅವಧಿ ಸರಾಸರಿ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತೆಂದು ಕೊಕ್ರೇನ್‌ನ ಇನ್ನೊಂದು ಸಮೀಕ್ಷೆ ತೋರಿಸಿದೆ. ಇಷ್ಟನ್ನು ಒಮ್ಮೆ ಅಮ್ಮನ ಕೈಯಲ್ಲಿ ಮಾಡಿಸಿದರೆ ಸಾಕು, ಹೆರಿಗೆ ಕೋಣೆಯಲ್ಲಿ ಅವಳ ಕೈಗೆ ಕೆಲಸ ಸಿಗುತ್ತದೆ.

ಅಮ್ಮ ಬಂದ ಮೇಲೆ ಅವಳೊಡನೆ ನಂಬಿಕೆಗಳೂ ಬರುತ್ತವೆ. ಅವನ್ನು ಮೂಢನಂಬಿಕೆ ಎಂದು ಗದರಿದರೆ ಮರುವಾರ ಆ ಚಾಪೆ ಖಾಲಿ. ಅದಕ್ಕಿಂತ ಕಾರ್ಡುಗಳಲ್ಲಿ ಬರೆದು ಮೂರು ರಾಶಿ ಮಾಡಿಸುವುದು ಲೇಸು: ಒಳ್ಳೆಯದು, ಲಾಭವೋ ನಷ್ಟವೋ ಗಟ್ಟಿಯಾಗಿ ಹೇಳಲಾಗದ್ದು, ಬೇಡವೇ ಬೇಡ. ತವರಿನ ವಿಶ್ರಾಂತಿ, ಬಿಸಿಬಿಸಿ ಊಟ, ಬಾಣಂತಿಯ ಕೆಲಸವನ್ನು ಮನೆಮಂದಿ ಹಂಚಿಕೊಳ್ಳುವುದು ಒಂದನೇ ರಾಶಿಗೆ. ಒಂಬತ್ತನೇ ತಿಂಗಳಲ್ಲಿ ತುಪ್ಪ ಕುಡಿದರೆ ಮಗು ಜಾರಿ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ತುಪ್ಪ ಹೋಗುವುದು ಜಠರಕ್ಕೆ, ಗರ್ಭಕೋಶಕ್ಕಲ್ಲ. ಖರ್ಜೂರದ ವಿಷಯ ಸ್ವಲ್ಪ ಬೇರೆ. ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ 69 ಹೆಂಗಸರಲ್ಲಿ ನೋವು ತಾನಾಗಿ ಶುರುವಾದದ್ದು ಹೆಚ್ಚು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದು ಚಿಕ್ಕದು, ಗುಂಪುಗಳನ್ನು ಚೀಟಿ ಎತ್ತಿ ಆರಿಸಿದ್ದೂ ಅಲ್ಲ. ಹಾಗಾಗಿ ಖರ್ಜೂರ ಎರಡನೇ ರಾಶಿಯಲ್ಲಿ ಕೂರುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ಎಚ್ಚರಿಕೆಯೊಡನೆ.

ಮೂರನೇ ರಾಶಿಯಲ್ಲಿ ಮಾತ್ರ ಶಿಕ್ಷಕಿ ಗಟ್ಟಿಯಾಗಿ ನಿಲ್ಲಬೇಕು. ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಕಣ್ಣಿಗೆ ಕಾಡಿಗೆ ತೀಡುವುದು, ಬಾಣಂತಿಗೆ ನೀರು ಕುಡಿಯಬೇಡ ಎನ್ನುವುದು, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು. ಯಾಕೆ ಬೇಡ ಎಂಬ ಕಾರಣವನ್ನು ಒಂದೊಂದು ವಾಕ್ಯದಲ್ಲಿ ಹೇಳಿ, ಕೊನೆಗೆ ಅಮ್ಮನ ಬಾಯಿಂದಲೇ ಹೇಳಿಸಬೇಕು: “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಾಗಬೇಕಲ್ಲ, ಮನೆಗೆ ಹೋಗಿ ಪಕ್ಕದ ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ?” ತಪ್ಪಾದರೆ ಅದು ಕಲಿತವರ ತಪ್ಪಲ್ಲ, ಮತ್ತೊಮ್ಮೆ ಹೇಳಬೇಕಾದವರು ಕಲಿಸಿದವರೇ.

ನಗರದ ಪಾಠವನ್ನು ಹಳ್ಳಿಗೆ ಹಾಗೇ ಹೊತ್ತೊಯ್ಯುವಂತೆಯೂ ಇಲ್ಲ. ಐದು ನಿಮಿಷಕ್ಕೊಮ್ಮೆ ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ ಎಂಬುದು ಆಸ್ಪತ್ರೆ ಹತ್ತಿರವಿರುವವರಿಗೆ ಸರಿ. ಮಳೆಗಾಲದ ಮಲೆನಾಡಿನಲ್ಲಿ, ಆಂಬುಲೆನ್ಸ್ ಬರಲೇ ಗಂಟೆ ಹಿಡಿಯುವ ಊರಲ್ಲಿ ಆ ಲೆಕ್ಕ ಬೇರೆಯೇ ಆಗಬೇಕು. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು ಎಂಬುದು ಎಲ್ಲ ಊರಿಗೂ ಒಂದೇ.

ಒಳಗೆ ಹೋದ ಮೇಲೆ

ಕಲಿತದ್ದಕ್ಕೂ ಆಸ್ಪತ್ರೆಯ ರೂಢಿಗೂ ತಾಳೆಯಾಗದಿದ್ದರೆ? 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಆರೈಕೆಗೆ 56 ಶಿಫಾರಸುಗಳನ್ನು ಕೊಟ್ಟಿತು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಸಕ್ರಿಯ ಹಂತ. ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಎನಿಮಾ ಕೊಡುವುದು, ಕೂದಲು ಬೋಳಿಸುವುದು, ಎಲ್ಲರಿಗೂ ಕತ್ತರಿ ಹಾಕಿ ಹೊಲಿಗೆ ಹಾಕುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವನ್ನು ದೂಡುವುದು ಬೇಡ. ಹೊಕ್ಕುಳ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸಿ, ಮೊದಲ ಗಂಟೆ ಮಗು ತಾಯಿಯ ಎದೆಯ ಮೇಲಿರಲಿ. ಅವಳು ಬಯಸಿದ ಸಂಗಾತಿ ಜೊತೆಗಿರಲಿ.

ಭಾರತ ಸರ್ಕಾರ 2017ರ ಡಿಸೆಂಬರಿನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳನ್ನು ಈ ದಾರಿಗೆ ತರಲೆಂದೇ ಹುಟ್ಟಿದ್ದು. ಮರುವರ್ಷದ ಸೂಲಗಿತ್ತಿ ಸೇವೆಯ ಮಾರ್ಗಸೂಚಿಯಂತೆ ಅನುಭವಿ ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಶುರುವಾಯಿತು. ಹೈದರಾಬಾದಿನಲ್ಲಿ ವೈದ್ಯೆ ಎವಿಟಾ ಫರ್ನಾಂಡಿಸ್ ತಮ್ಮ ಆಸ್ಪತ್ರೆಯಲ್ಲಿ ಅದಕ್ಕೂ ಮುಂಚೆಯೇ ಇಂಥ ನರ್ಸ್‌ಗಳನ್ನು ತಯಾರು ಮಾಡುತ್ತಿದ್ದರು. ತೆಲಂಗಾಣ ಸರ್ಕಾರ ಅದನ್ನು ತನ್ನ ಆಸ್ಪತ್ರೆಗಳಿಗೆ ಒಯ್ದಿತು. ಆ ರಾಜ್ಯಕ್ಕೆ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತು. 2019–21ರ ಸಮೀಕ್ಷೆಯಲ್ಲಿ ಅಲ್ಲಿನ ಸಿಸೇರಿಯನ್ ಪ್ರಮಾಣ ಶೇ 60.7. ದೇಶದ ಸರಾಸರಿ ಶೇ 21.5, ಕರ್ನಾಟಕದ್ದು ಶೇ 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3 ಇದ್ದದ್ದು ಖಾಸಗಿಯಲ್ಲಿ ಶೇ 47.4.

ಇದರ ಹೊಣೆಯನ್ನು ಬಸುರಿಯ ತಲೆಗೆ ಕಟ್ಟುವುದು ಅನ್ಯಾಯ. ಪಂಚಾಂಗ ಹಿಡಿದು ಮುಹೂರ್ತಕ್ಕೆ ಆಪರೇಷನ್ ಕೇಳುವ ಕುಟುಂಬಗಳಿವೆ, ನಿಜ. ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ತೆಗೆದ ಮಗುವಿಗೆ ಉಸಿರಾಟದ ತೊಂದರೆಯ ಸಾಧ್ಯತೆ ಹೆಚ್ಚೆಂದು ಅವರಿಗೆ ತಿಳಿಸುವುದು ತರಗತಿಯ ಕೆಲಸ. ವೈದ್ಯರ ಕೊರತೆ, ಬಿಲ್ಲಿನ ಲೆಕ್ಕ, ಕಾಯಲು ಪುರುಸೊತ್ತಿಲ್ಲದಿರುವುದು ತರಗತಿಯಿಂದ ಸರಿಹೋಗುವ ಸಂಗತಿಗಳಲ್ಲ. ಒಳ್ಳೆಯ ಶಿಕ್ಷಕಿ ಸಹಜ ಹೆರಿಗೆಯ ಗ್ಯಾರಂಟಿ ಕೊಡುವುದಿಲ್ಲ, ಸಿಸೇರಿಯನ್ ಆದವರನ್ನು ಸೋತವರೆಂದು ನೋಡುವುದೂ ಇಲ್ಲ. ತುರ್ತು ಇಲ್ಲದಾಗ ಕೇಳಬಹುದಾದ ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಾಳೆ: ಇದರಿಂದ ಏನು ಲಾಭ ಡಾಕ್ಟರೇ? ಏನು ಅಪಾಯ? ಬೇರೆ ದಾರಿ ಇದೆಯೇ? ಇನ್ನೂ ಸ್ವಲ್ಪ ಹೊತ್ತು ಕಾದರೆ ಏನಾಗುತ್ತದೆ? ನೋವು ತಿನ್ನುತ್ತಿರುವವಳಿಗೆ ಇದನ್ನೆಲ್ಲ ಕೇಳಲು ತ್ರಾಣವಿರುವುದಿಲ್ಲ, ಪಕ್ಕದಲ್ಲಿರುವವಳು ಕೇಳಬೇಕು.

ಅವಳನ್ನು ತರಗತಿಗೆ ತರುವುದು ಕಷ್ಟವಾದರೆ ತರಗತಿಯನ್ನು ಅವಳಿರುವಲ್ಲಿಗೆ ಒಯ್ಯಬಹುದು. ನಾರಾಯಣ ಹೆಲ್ತ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮನೆಯವರಿಗೆ ಆರೈಕೆ ಕಲಿಸುವುದರಿಂದ ಶುರುವಾದ ನೂರಾ ಹೆಲ್ತ್ ಸಂಸ್ಥೆಯ ಕಾರ್ಯಕ್ರಮ ಆಮೇಲೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಹೆರಿಗೆ ವಾರ್ಡುಗಳಿಗೆ ಬಂತು. ನರ್ಸೇ ವಾರ್ಡಿನಲ್ಲಿ ನಿಂತು, ಹಾಸಿಗೆಯ ಪಕ್ಕ ಇರುವ ಅಜ್ಜಿ, ಅತ್ತೆಯರಿಗೆ ಕೈ ತೊಳೆಯುವುದರಿಂದ ಹಿಡಿದು ಮಗುವನ್ನು ಎದೆಗೆ ಅಪ್ಪಿ ಬೆಚ್ಚಗಿಡುವವರೆಗೆ ಮಾಡಿ ತೋರಿಸುತ್ತಾರೆ. ಆದರೆ ಅದು ಹೆರಿಗೆಯ ಆಚೆಯ ಪಾಠ. ಈಚೆಯ ಪಾಠಕ್ಕೂ ನಮ್ಮಲ್ಲಿ ಜಾಗಗಳಿವೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಸರದಿಗೆ ಕಾಯುವ ಬೆಂಚಿನ ಮೇಲೆ ಬಸುರಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಅಂಗನವಾಡಿಯಲ್ಲಿ ಬಳೆ ತೊಡಿಸಿ, ಉಡಿ ತುಂಬಿ ಮಾಡುವ ಸೀಮಂತಕ್ಕೆ ಓಣಿಯ ಹೆಂಗಸರೆಲ್ಲ ಬಂದಿರುತ್ತಾರೆ. ಆರತಿ ಆದ ಮೇಲೆ ಅರ್ಧ ಗಂಟೆ ಕೂತು, ಹೆರಿಗೆ ಕೋಣೆಯೊಳಕ್ಕೆ ಇವಳ ಜೊತೆ ಯಾರು ಹೋಗುತ್ತೀರಿ ಎಂದು ಕೇಳಿ, ಆ ಹೆಸರನ್ನೂ ಫೋನ್ ನಂಬರನ್ನೂ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಕೊಂಡರೆ, ಮುಂದಿನ 9ನೇ ತಾರೀಕಿಗೆ ಬಸುರಿಯೊಡನೆ ಅವರನ್ನೂ ಕರೆದುಕೊಂಡು ಬನ್ನಿ ಎನ್ನಲು ಆಶಾ ಕಾರ್ಯಕರ್ತೆಗೆ ಬೇರೆ ಆದೇಶ ಬೇಕಾಗುವುದಿಲ್ಲ.